ಒಕ್ಕವೋ, ಒಲೆಯೋ, ಲೈನ್ ಮನೆಯೋ? ಕೊಡಗಿನಲ್ಲಿ ಕುಟುಂಬದ ಅಧ್ಯಯನಕ್ಕೆ ಹೊರಟವರಿಗೆ

ಪ್ರತಿ ವರ್ಷ ಪ್ರಾಜೆಕ್ಟ್ ವಿಷಯ ಕೊಡುವ ಹೊತ್ತಿಗೆ ಸಮಾಜಶಾಸ್ತ್ರದ ಮಕ್ಕಳು ಒಬ್ಬೊಬ್ಬರಾಗಿ ನನ್ನ ಹತ್ತಿರ ಬರುತ್ತಾರೆ. "ಮೇಡಂ, ಕುಟುಂಬದ ಮೇಲೆ ಮಾಡೋಣ ಅಂತಿದ್ದೀನಿ. ಪ್ರಶ್ನಾವಳಿಯಲ್ಲಿ ಎಷ್ಟು ಪ್ರಶ್ನೆ ಇರಬೇಕು?" ಅಂತ ಕೇಳುತ್ತಾರೆ. ಪ್ರಶ್ನೆಗಳ ಲೆಕ್ಕ ಆಮೇಲೆ ಮಾಡೋಣ, ಮೊದಲು ಯಾವುದನ್ನು ಕುಟುಂಬ ಅಂತ ಕರೆಯುತ್ತೀಯ ಹೇಳು ಅನ್ನುತ್ತೇನೆ. ಹೆಚ್ಚಿನವರು ಅಲ್ಲೇ ತಡವರಿಸುತ್ತಾರೆ. ತಪ್ಪು ಅವರದ್ದಲ್ಲ. ನಾನೂ ಅಲ್ಲೇ ಎಡವಿದ್ದವಳು.

ನಾನು ಓದುವಾಗ ವಿರಾಜಪೇಟೆ ಕಡೆಯ ಒಂದು ವಂಶದ ಮೂಲಮನೆಗೆ, ಅಂದರೆ ಐನ್‌ಮನೆಗೆ ಪ್ರಶ್ನಾವಳಿ ಹಿಡಿದುಕೊಂಡು ಹೋಗಿದ್ದೆ. ಕಯ್ಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕಂಬಗಳ ನಡುವಿನ ಅಗಲದ ಮರದ ಹಲಗೆಯ ಮೇಲೆ, ಅದೇ ಐಮರ, ಮನೆಯ ಅಜ್ಜ ಕೂತಿದ್ದರು. ನಾಲ್ಕನೇ ಪ್ರಶ್ನೆ: "ನಿಮ್ಮ ಕುಟುಂಬದಲ್ಲಿ ಒಟ್ಟು ಎಷ್ಟು ಜನ?" ಅಜ್ಜ ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದರು. "ನೂರ ಎಂಬತ್ತು ಅಂತ ಬರಿ ಮಗಳೇ. ಈ ವರ್ಷ ಮೂರು ಮಕ್ಕಳು ಹುಟ್ಟಿದ್ದಾವೆ, ಅವನ್ನೂ ಸೇರಿಸಿದ್ದೇನೆ" ಅಂದರು. ಕಾಫಿ ತಂದ ಸೊಸೆ ಲೋಟ ಇಡುತ್ತಾ, "ನಾಲ್ಕು ಜನ ಅಂತ ಬರ್ಕೊಳ್ಳಿ. ಮಾವ, ನಾವಿಬ್ಬರು, ಮಗಳು" ಅಂದರು. ನನ್ನ ಹಾಳೆಯಲ್ಲಿ ಆ ಪ್ರಶ್ನೆಗೆ ಇದ್ದದ್ದು ಎರಡೇ ಚೌಕ. ನಾನು 04 ಅಂತ ಬರೆದೆ. ಅಜ್ಜನ ನೂರ ಎಪ್ಪತ್ತಾರು ಜನ ನನ್ನ ಅಧ್ಯಯನದಿಂದ ಹೊರಗೆ ಉಳಿದರು. ಅಜ್ಜ ಹೇಳಿದ್ದೂ ಸರಿ, ಸೊಸೆ ಹೇಳಿದ್ದೂ ಸರಿ ಅನ್ನುವುದು ಹೊಳೆದಾಗ ವರದಿ ಬೈಂಡ್ ಆಗಿ ಬಂದಾಗಿತ್ತು.

ಆದ್ದರಿಂದ ಈ ಬರಹದಲ್ಲಿ ಎರಡು ಹೋಲಿಕೆ ಮಾಡುತ್ತೇನೆ. ಯಾವುದನ್ನು ಕುಟುಂಬ ಅಂತ ಹಿಡಿಯಬೇಕು ಅನ್ನುವುದು ಒಂದು. ಅದನ್ನು ಹೇಗೆ ತಿಳಿಯಬೇಕು ಅನ್ನುವುದು ಇನ್ನೊಂದು. ಮೊದಲನೆಯದು ಸರಿಯಾಗಿ ತೀರ್ಮಾನವಾದರೆ ಎರಡನೆಯದು ಅರ್ಧ ಮುಗಿದ ಹಾಗೆ.

ಒಕ್ಕ ಹಿಡಿದರೆ

ಒಬ್ಬ ಮೂಲಪುರುಷನಿಂದ ಗಂಡು ಕಡೆಯಲ್ಲಿ ಇಳಿದು ಬಂದವರೆಲ್ಲ ಸೇರಿದರೆ ಒಂದು ಒಕ್ಕ. ಎಲ್ಲರಿಗೂ ಒಂದೇ ಮನೆಹೆಸರು, ಒಂದೇ ಐನ್‌ಮನೆ, ಕಾರೋಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಒಂದೇ ಕೈಮಡ (ಗುಡಿ). ಹಿರಿಯ ಗಂಡಸು ಪಟ್ಟೆದಾರ. ಒಕ್ಕದ ಒಳಗೆ ಮದುವೆ ಇಲ್ಲ. ಹುಟ್ಟಿದ ಹೆಣ್ಣುಮಗಳು ಮದುವೆಯಾದಾಗ ಗಂಡನ ಒಕ್ಕಕ್ಕೆ ಸೇರುತ್ತಾಳೆ. ಈ ಸೇರ್ಪಡೆ ಬರೀ ಮಾತಿನಲ್ಲಿ ಮುಗಿಯುವುದಿಲ್ಲ. ಕೊಡವ ಮದುವೆಯಲ್ಲಿ ಸಂಬಂಧ ಕೊಡುವ ಶಾಸ್ತ್ರ ಅಂತಲೇ ಒಂದಿದೆ. ಎರಡೂ ಕಡೆಯ ಅರುವರು, ಅಂದರೆ ಆಯಾ ಒಕ್ಕದ ಪರವಾಗಿ ಮಾತಾಡುವವರು, ಎದುರುಬದುರು ನಿಂತು, ಹುಡುಗಿಗೆ ಹೊಸ ಮನೆಯಲ್ಲಿ ಏನೇನು ಹಕ್ಕಿದೆ ಅಂತ ಎಲ್ಲರ ಮುಂದೆ ಮಾತಿನಲ್ಲಿ ಕೇಳಿ, ಒಪ್ಪಿಸಿ, ಸಣ್ಣ ಕಲ್ಲುಗಳನ್ನು ಗುರುತಾಗಿ ಕೊಡುತ್ತಾರೆ. ಕುಟುಂಬವನ್ನು ಯಾಕೆ 'ಸಂಸ್ಥೆ' ಅನ್ನುತ್ತಾರೆ ಅಂತ ಮಕ್ಕಳು ಕೇಳಿದಾಗ ನಾನು ಇದನ್ನೇ ತೋರಿಸುತ್ತೇನೆ. ಪ್ರೀತಿ, ಜಗಳ ಎಲ್ಲ ಆ ಇಬ್ಬರಿಗೆ ಬಿಟ್ಟದ್ದು. ಹಕ್ಕು, ಕರ್ತವ್ಯ, ಸಾಕ್ಷಿ ಮಾತ್ರ ಊರಿನದು.

ಒಕ್ಕವನ್ನು ಹಿಡಿದರೆ ಸಿಗುವ ವಿಷಯ ತುಂಬ ಆಳವಾದದ್ದು. ವಂಶ, ಮದುವೆಯ ನಿಯಮ, ವಂಶಪಾರಂಪರ್ಯವಾಗಿ ಬಂದ ಜಮ್ಮ ಜಮೀನು, ಕಾರೋಣರ ಪೂಜೆ, ಒಂದು ಹೆಸರಿನ ಮಾನ ಎಲ್ಲ ಅದರಲ್ಲೇ ಇದೆ. ಗಂಡು ಮಕ್ಕಳಿಲ್ಲದ ಒಕ್ಕ ಅಳಿದು ಹೋಗದ ಹಾಗೆ ಹಿಂದಿನವರು ಮಾಡಿಕೊಂಡ ದಾರಿಗಳೂ ಇಲ್ಲಿ ಸಿಗುತ್ತವೆ. ಒಕ್ಕ ಪರಿಜೆ ಮದುವೆಯಲ್ಲಿ ಗಂಡನೇ ಹೆಂಡತಿಯ ಒಕ್ಕಕ್ಕೆ ಬಂದು ಅಲ್ಲಿಯವನಾಗುತ್ತಿದ್ದ. ಮಕ್ಕ ಪರಿಜೆಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳಿದು, ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರುತ್ತಿದ್ದರು. ಪಿತೃವಂಶ ಅಂತ ಪುಸ್ತಕದಲ್ಲಿ ಓದಿ ಬಂದವರಿಗೆ ಇದು ದೊಡ್ಡ ಪಾಠ. ನಿಯಮ ಗಟ್ಟಿಯಾಗಿತ್ತು, ಕಷ್ಟ ಬಂದಾಗ ಬಗ್ಗುತ್ತಲೂ ಇತ್ತು.

ಗಡಿಯಾಚೆಗೂ ಒಮ್ಮೆ ಕಣ್ಣು ಹಾಯಿಸಿ. ಉತ್ತರ ಮಲಬಾರಿನ ನಾಯರ್ ತರವಾಡಿನ ಮನೆಯೂ ನಮ್ಮ ಐನ್‌ಮನೆಯ ಹಾಗೆ ದೊಡ್ಡದೇ. ದೀಪ, ಹಿರಿಯರು, ಗದ್ದೆ ಎಲ್ಲ ಇದೆ. ಆದರೆ ಅಲ್ಲಿ ವಂಶ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಮನೆಯ ಯಜಮಾನಿಕೆ ತಾಯಿಯ ಅಣ್ಣತಮ್ಮಂದಿರದ್ದು. ಎರಡು ಮನೆಗಳ ಫೋಟೋ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುವುದಿಲ್ಲ. "ಈ ಮನೆಯ ಮಕ್ಕಳು ಯಾರು?" ಅಂತ ಕೇಳಿದ ಮೇಲೆ ಕಾಣುತ್ತದೆ.

ಒಕ್ಕದ ದಾರಿಯಲ್ಲಿ ತೊಂದರೆಯೂ ಇದೆ. ಇವತ್ತು ಹೆಚ್ಚಿನ ಐನ್‌ಮನೆಗಳಲ್ಲಿ ವರ್ಷವಿಡೀ ವಾಸ ಇರುವವರು ಒಂದೋ ಎರಡೋ ಸಂಸಾರ. ಕೆಲವಕ್ಕೆ ಬೀಗ. ಉಳಿದವರು ಬೆಂಗಳೂರು, ಮೈಸೂರು, ಸೈನ್ಯ, ಹೊರದೇಶ ಅಂತ ಹರಡಿದ್ದಾರೆ. ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ, ಸುಗ್ಗಿಯ ಹಬ್ಬ ಹುತ್ತರಿಗೆ, ಕಾರೋಣರಿಗೆ ಎಡೆ ಇಡುವ ದಿನಕ್ಕೆ ಬಂದು ಸೇರುತ್ತಾರೆ. ಬರೀ ಒಕ್ಕವನ್ನು ನೋಡಿದರೆ, ಉಳಿದ ಮುನ್ನೂರಕ್ಕೂ ಜಾಸ್ತಿ ದಿನ ಈ ಜನ ಹೇಗೆ ಬದುಕುತ್ತಾರೆ ಅನ್ನುವುದು ಕೈತಪ್ಪುತ್ತದೆ.

ಇನ್ನೊಂದು ಮಾತು. ಐನ್‌ಮನೆ ಅಂದ ತಕ್ಷಣ ಕೊಡವರು ಮಾತ್ರ ಅಂತ ತಿಳಿಯಬೇಡಿ. ಅರೆಭಾಷೆ ಗೌಡರಲ್ಲೂ ಮನೆಹೆಸರು, ಐನ್‌ಮನೆ, ಹಿರಿಯರಿಗೆ ಎಡೆ ಇಡುವುದು ಎಲ್ಲ ಇದೆ. ಹತ್ತಿರ ಹತ್ತಿರದ ಎರಡು ಊರುಗಳಲ್ಲಿ ಈ ಎರಡನ್ನೂ ಹೋಲಿಸಿ ನೋಡುವ ಪ್ರಾಜೆಕ್ಟ್ ಯಾರಾದರೂ ಮಾಡಿದರೆ ನನಗೆ ಬಹಳ ಸಂತೋಷ.

ಒಲೆ ಹಿಡಿದರೆ

ಜನಗಣತಿಯವರು ಕುಟುಂಬವನ್ನು ಲೆಕ್ಕ ಹಾಕುವುದು ಅಡುಗೆಮನೆಯಿಂದ. ಒಟ್ಟಿಗೆ ಇದ್ದು, ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಮನೆವಾರ್ತೆ. ಸೊಸೆ ಹೇಳಿದ ನಾಲ್ಕು ಜನ ಅಂದರೆ ಇದೇ. ಮನೆವಾರ್ತೆಯೇ ಬೇರೆ, ಕುಟುಂಬವೇ ಬೇರೆ, ಎರಡನ್ನೂ ಕಲಸಬೇಡಿ ಅಂತ ನಮ್ಮ ದೇಶದಲ್ಲಿ ಗಟ್ಟಿಯಾಗಿ ಹೇಳಿದವರು ಸಮಾಜಶಾಸ್ತ್ರಜ್ಞ ಎ. ಎಂ. ಶಾ. ಗುಜರಾತಿನ ಮಾಹಿತಿ ಇಟ್ಟುಕೊಂಡು ಅವರು ಬರೆದ ಪುಸ್ತಕ 1973ರಲ್ಲಿ ಬಂತು. "ಹಿಂದೆ ಎಲ್ಲರೂ ಕೂಡುಕುಟುಂಬದಲ್ಲಿದ್ದರು, ಈಗ ಎಲ್ಲ ಒಡೆದು ಹೋಯ್ತು" ಅಂತ ನಾವು ಸಲೀಸಾಗಿ ಹೇಳುತ್ತೇವಲ್ಲ, ಆ ಮಾತನ್ನು ಅವರು ಪ್ರಶ್ನೆ ಮಾಡಿದರು. ಒಂದು ಮನೆ ದೊಡ್ಡದಾಗುತ್ತದೆ, ಪಾಲಾಗುತ್ತದೆ, ಮತ್ತೆ ದೊಡ್ಡದಾಗುತ್ತದೆ. ನೀವು ಹೋದ ದಿನ ಅದು ಆ ಸುತ್ತಿನಲ್ಲಿ ಎಲ್ಲಿದೆ ಅಂತ ಕೇಳದೆ ಚಿಕ್ಕ ಕುಟುಂಬ, ಕೂಡುಕುಟುಂಬ ಅಂತ ಟಿಕ್ ಹಾಕಿದರೆ ಪ್ರಯೋಜನವಿಲ್ಲ.

ದಿನದ ಬದುಕಿನ ಪ್ರಶ್ನೆಗಳಿಗೆ ಒಲೆಯೇ ಸರಿಯಾದ ಅಳತೆ. ಯಾರು ದುಡಿಯುತ್ತಾರೆ, ಯಾರು ಅಡುಗೆ ಮಾಡುತ್ತಾರೆ, ವಯಸ್ಸಾದವರನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ, ಮಕ್ಕಳ ಫೀಸ್ ಯಾರ ಕೈಯಿಂದ ಬರುತ್ತದೆ? ಕೊಡಗಿನಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ಸಂಗತಿ ಇದರಿಂದಲೇ ಹೊರಬೀಳುತ್ತದೆ. ತೋಟದ ನಡುವೆ ಒಂದು ದೊಡ್ಡ ಮನೆ, ಅದರಲ್ಲಿ ವಯಸ್ಸಾದ ಇಬ್ಬರು, ಒಂದು ನಾಯಿ. ಮಗ ಬೆಂಗಳೂರಿನಲ್ಲಿ, ಮಗಳು ಇನ್ನೂ ದೂರ. ಮಳೆಗಾಲದಲ್ಲಿ ಕರೆಂಟು ಹೋಗಿ, ಫೋನೂ ಸತ್ತರೆ ಈ ಇಬ್ಬರೇ. ಒಕ್ಕದ ಲೆಕ್ಕದಲ್ಲಿ ಇವರು ನೂರಾರು ಜನರ ನಡುವೆ ಇದ್ದಾರೆ. ಒಲೆಯ ಲೆಕ್ಕದಲ್ಲಿ ಇಬ್ಬರೇ. ಈ ಎರಡು ಸಂಖ್ಯೆಯನ್ನೂ ಒಂದೇ ಪುಟದಲ್ಲಿ ಇಡುವ ಅಧ್ಯಯನ ನಮಗೆ ಬೇಕಾಗಿದೆ.

ಒಲೆಯನ್ನು ಅಳೆಯುವುದು ಸುಲಭ ಅನ್ನಿಸುತ್ತದೆ, ಆದರೆ ಹಾಗಿಲ್ಲ. ಒಂದೇ ಸೂರಿನ ಕೆಳಗೆ ಅಣ್ಣನಿಗೆ ಕೆಳಗೆ ಗ್ಯಾಸ್, ತಮ್ಮನಿಗೆ ಮೇಲೆ ಗ್ಯಾಸ್. ಭಾನುವಾರ ಹಂದಿ ಕರಿ ಮಾತ್ರ ಒಂದೇ ಪಾತ್ರೆಯಲ್ಲಿ. ಇದು ಒಂದು ಮನೆಯೋ, ಎರಡೋ? ರೇಷನ್ ಕಾರ್ಡ್ ನೋಡಿ ಬರೆಯುತ್ತೇನೆ ಅನ್ನುವವರಿದ್ದಾರೆ. ಅದನ್ನು ನಂಬಿ ಕೂರಬೇಡಿ. ಒಂದೇ ಒಲೆಗೆ ಎರಡು ಕಾರ್ಡ್ ಇರುವ ಮನೆ ಇದೆ, ಎರಡು ಒಲೆಗೆ ಒಂದೇ ಕಾರ್ಡ್ ಇರುವ ಮನೆಯೂ ಇದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಗಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಅಂತ ಆದ ಮೇಲೆ, ಕಾರ್ಡಿನಲ್ಲಿ ಯಜಮಾನಿ ಯಾರು ಅನ್ನುವುದು ಅತ್ತೆ ಸೊಸೆ ಕೂತು ಮಾತಾಡುವ ವಿಷಯ ಆಯಿತು. ಆ ಮಾತುಕತೆಯೇ ಒಂದು ಒಳ್ಳೆಯ ಪ್ರಾಜೆಕ್ಟ್. ಕಾರ್ಡಿನಲ್ಲಿ ಹೆಸರು ಯಾರದ್ದು, ಆ ದುಡ್ಡು ಯಾರ ಕೈಗೆ ಬರುತ್ತದೆ, ಖರ್ಚು ಯಾರು ತೀರ್ಮಾನಿಸುತ್ತಾರೆ ಅಂತ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. ಮೂರಕ್ಕೂ ಒಂದೇ ಉತ್ತರ ಬರಬೇಕು ಅಂತೇನಿಲ್ಲ.

ಒಕ್ಕ ಮತ್ತು ಒಲೆ ಎರಡರ ನಡುವೆ ಸೇತುವೆ ಬೇಕು ಅನ್ನುವವರಿಗೆ ಐ. ಪಿ. ದೇಸಾಯಿ ಅವರ ದಾರಿ ಇದೆ. ಗುಜರಾತಿನ ಮಹುವಾ ಊರಿನ ಕುಟುಂಬಗಳ ಬಗ್ಗೆ 1964ರಲ್ಲಿ ಬರೆದಾಗ ಅವರು ಬರೀ ಒಟ್ಟಿಗೆ ಉಣ್ಣುವುದನ್ನು ನೋಡಲಿಲ್ಲ. ಆಸ್ತಿ ಒಟ್ಟಿಗೆ ಇದೆಯಾ, ಕಷ್ಟಕ್ಕೆ ದುಡ್ಡು ಕೊಡುತ್ತಾರಾ, ಮದುವೆ ಸಾವಿಗೆ ಯಾರು ನಿಲ್ಲುತ್ತಾರೆ ಅಂತ ಕೇಳಿ, ಕೂಡಿಕೆ ಎಷ್ಟರ ಮಟ್ಟಿಗೆ ಇದೆ ಅಂತ ಅಳೆದರು. ಬೇರೆ ಬೇರೆ ಊರಲ್ಲಿದ್ದು, ಒಂದೇ ತೋಟದ ಖರ್ಚು ಹಂಚಿಕೊಳ್ಳುವ ಅಣ್ಣತಮ್ಮಂದಿರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ! ಅವರಿಗೆ ಇದೇ ಸರಿಯಾದ ಅಳತೆ.

ಲೈನ್ ಮನೆ ಹಿಡಿದರೆ

ಪ್ರಾಜೆಕ್ಟ್ ಅಂದರೆ ನಮ್ಮ ಮಕ್ಕಳು ಐನ್‌ಮನೆಗೇ ಓಡುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ, ಹಿರಿಯರು ಮಾತಾಡುತ್ತಾರೆ, ಕಾಫಿ ಸಿಗುತ್ತದೆ. ಅದೇ ತೋಟದ ಕೆಳಗೆ, ನೂರು ಹೆಜ್ಜೆ ದೂರದಲ್ಲಿ, ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ಲೈನ್ ಮನೆಗಳಿಗೆ ಯಾರೂ ಇಳಿಯುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಕೊಡಗಿನ ಕುಟುಂಬ ಅಂದರೆ ಅಲ್ಲಿರುವವರದ್ದೂ ಹೌದಲ್ವಾ? ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ಕೇರಿಗಳಲ್ಲಿ, ಇರುವ ಯರವರು, ಜೇನು ಕುರುಬರು, ತಲೆಮಾರುಗಳ ಹಿಂದೆ ಬಂದ ತಮಿಳು, ಮಲಯಾಳಿ ಕೆಲಸಗಾರರು, ಈಗ ಅಸ್ಸಾಮಿನಿಂದ ಬರುವವರು ಎಲ್ಲರೂ ಸೇರಿದರೆ ತಾನೇ ಈ ಜಿಲ್ಲೆ.

ಇಲ್ಲಿ ಒಕ್ಕದ ಅಳತೆ ನಡೆಯುವುದಿಲ್ಲ, ಒಲೆಯ ಅಳತೆಯೂ ಪೂರ್ತಿ ಸಾಲುವುದಿಲ್ಲ. ಒಂದು ಲೈನ್ ಮನೆಯಲ್ಲಿ ನಾನು ಕಂಡದ್ದನ್ನೇ ಹೇಳುತ್ತೇನೆ. ಎರಡು ಕೋಣೆ, ಒಂದು ಸೌದೆ ಒಲೆ. ಗಂಡ ಹೆಂಡತಿ, ಹೆಂಡತಿಯ ತಮ್ಮ, ಅದೇ ಊರಿನ ಇನ್ನೊಬ್ಬ ಹುಡುಗ. ಈ ನಾಲ್ವರೂ ಒಂದೇ ಪಾತ್ರೆಯಲ್ಲಿ ಉಣ್ಣುತ್ತಾರೆ. ಗಂಡ ಹೆಂಡತಿಯ ಇಬ್ಬರು ಮಕ್ಕಳು ಮಾತ್ರ ಅಸ್ಸಾಮಿನಲ್ಲಿ ಅಜ್ಜಿಯ ಹತ್ತಿರ. ಸಂಜೆ ಕೆಲಸ ಮುಗಿಸಿ ಬಂದವಳು ಮೊದಲು ಮಾಡಿದ್ದು ಸಿಗ್ನಲ್ ಸಿಗುವ ಬಂಡೆಯ ಹತ್ತಿರ ಹೋಗಿ ಮಗಳಿಗೆ ವಿಡಿಯೋ ಕಾಲ್. ಮಗಳ ಜಡೆ ಸರಿಯಾಗಿಲ್ಲ ಅಂತ ಅಲ್ಲಿಂದಲೇ ಅಜ್ಜಿಗೆ ಹೇಳುತ್ತಿದ್ದಳು. ಮಾತು ನನಗೆ ಅರ್ಥವಾಗಲಿಲ್ಲ, ಜೊತೆಗಿದ್ದ ಹುಡುಗ ಹೇಳಿದ. ಒಂದೇ ಒಲೆ ಅಂತ ಲೆಕ್ಕ ಹಾಕಿದರೆ ಊರಿನಿಂದ ಜೊತೆಗೆ ಬಂದ ಆ ಹುಡುಗ ಕುಟುಂಬದ ಒಳಗೆ, ಹೆತ್ತ ಮಕ್ಕಳು ಹೊರಗೆ.

ಆದ್ದರಿಂದ ಇಲ್ಲಿ ಮೂರು ಪ್ರಶ್ನೆ ಬಿಡಿಯಾಗಿ ಕೇಳಬೇಕು. ಈ ತಿಂಗಳು ಇಲ್ಲಿ ಯಾರು ಉಣ್ಣುತ್ತಾರೆ? ದುಡ್ಡು ಯಾರಿಗೆ ಹೋಗುತ್ತದೆ? ಕಾಯಿಲೆ ಬಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ? ಮೂರು ಪಟ್ಟಿಯನ್ನೂ ಪಕ್ಕಪಕ್ಕ ಇಡಿ. ಕೊಯ್ಲಿನ ಕಾಲದಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ಹೋದರೆ ಇನ್ನೂ ಒಳ್ಳೆಯದು, ಪಟ್ಟಿ ಬದಲಾಗಿರುತ್ತದೆ.

ಒಳಗೆ ಹೋಗುವುದಕ್ಕೆ ತೋಟದ ಯಜಮಾನರ ಅನುಮತಿ ಬೇಕೇಬೇಕು. ಆದರೆ ಯಜಮಾನರೋ ತೋಟದ ಲೆಕ್ಕ ನೋಡುವ ರೈಟರೋ ಜೊತೆಗೆ ಬಂದು ಪರಿಚಯ ಮಾಡಿಸಿದರೆ ನೀವು ಅವರ ಕಡೆಯವರಾಗುತ್ತೀರಿ. ಮುಂದೆ ಬರುವ ಉತ್ತರವೆಲ್ಲ "ಚೆನ್ನಾಗಿದ್ದೀವಿ ಮೇಡಂ". ಅನುಮತಿ ತಗೊಳ್ಳಿ, ಪರಿಚಯ ಮಾತ್ರ ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯ ಕಡೆಯಿಂದ ಆಗಲಿ. ಅವರಿಗೆ ಪ್ರತಿ ಮನೆಯ ಮಗು ಗೊತ್ತು.

ಇನ್ನು, ತಿಳಿಯುವುದು ಹೇಗೆ?

ಪ್ರಶ್ನಾವಳಿ, ವಂಶಾವಳಿ, ಜೊತೆಗಿದ್ದು ನೋಡುವುದು, ಕಾಗದಪತ್ರ. ಪ್ರಾಜೆಕ್ಟ್ ಮಟ್ಟದಲ್ಲಿ ಈ ನಾಲ್ಕು ದಾರಿ ಸಾಕು.

ಪ್ರಶ್ನಾವಳಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಲೆಯ ಅಧ್ಯಯನಕ್ಕೆ ಅದು ಹೊಂದುತ್ತದೆ. ಮೂವತ್ತು ನಲವತ್ತು ಮನೆ, ಎರಡು ಪುಟ ಮೀರದ ಪ್ರಶ್ನೆ. "ನಿಮ್ಮದು ಯಾವ ಬಗೆಯ ಕುಟುಂಬ?" ಅಂತ ಕೇಳಬೇಡಿ, ಅದನ್ನು ತೀರ್ಮಾನಿಸಬೇಕಾದವರು ನೀವು. "ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರ್ಯಾರು ಊಟ ಮಾಡಿದರು?" ಅಂತ ಕೇಳಿ. ದೊಡ್ಡ ಸಂಖ್ಯೆಗಳು ಬೇಕಿದ್ದರೆ ಜನಗಣತಿ ಇದೆ. 2011ರಲ್ಲಿ ಕೊಡಗಿನ ಜನಸಂಖ್ಯೆ 5,54,519. ಸಾವಿರ ಗಂಡಸರಿಗೆ 1019 ಹೆಂಗಸರು. ಗಂಡಸರಿಗಿಂತ ಹೆಂಗಸರು ಜಾಸ್ತಿ ಇರುವ ಜಿಲ್ಲೆ ಅನ್ನುವುದು ಇದರಿಂದ ಗೊತ್ತಾಯಿತು. ಯಾಕೆ, ಅದರಿಂದ ಮನೆಯೊಳಗೆ ಏನಾಗಿದೆ ಅನ್ನುವುದಕ್ಕೆ ಮನೆಗೇ ಹೋಗಬೇಕು.

ವಂಶಾವಳಿ ನನಗೆ ಅತಿ ಇಷ್ಟವಾದ ದಾರಿ. ಹೆಸರು ಕೇಳುತ್ತಾ, ಗೆರೆ ಎಳೆಯುತ್ತಾ ಸಂಬಂಧಗಳನ್ನು ಬರೆದುಕೊಳ್ಳುವ ಈ ಕ್ರಮವನ್ನು ಸಂಶೋಧನೆಗೆ ತಂದವರು ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ಪಕ್ಕದ ನೀಲಗಿರಿಯ ತೋಡರ ಮೇಲೆ ಅವರು ಬರೆದ ಪುಸ್ತಕ 1906ರಲ್ಲಿ ಬಂತು. ಬೇಕಾಗಿರುವುದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್, ತಾಳ್ಮೆ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ. ಕೇಳುವಾಗ ನೆಂಟಸ್ತನದ ಮಾತುಗಳನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ. "ಅಂಕಲ್", "ಕಸಿನ್" ಅಂತ ಬರೆದರೆ ಆ ಹಾಳೆ ಕೆಲಸಕ್ಕೆ ಬರುವುದಿಲ್ಲ. ಚಿಕ್ಕಪ್ಪನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ, ಸೋದರಮಾವನ ಮಗ ಆಗುವುದಿಲ್ಲ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಅನ್ನುವ ಇಡೀ ನಿಯಮ ಆ ಎರಡು ಪದಗಳ ನಡುವೆ ಇದೆ.

ಅಜ್ಜನ ಹತ್ತಿರ ಒಮ್ಮೆ ಕೇಳಿದ ಮೇಲೆ ಅಜ್ಜಿಯ ಹತ್ತಿರ ಬೇರೆಯಾಗಿ ಕೂತು ಮತ್ತೆ ಕೇಳಿ. ಅಜ್ಜ ಏಳು ತಲೆಮಾರು ಗಂಡಸರ ಹೆಸರನ್ನು ಗಡಗಡ ಹೇಳುತ್ತಾರೆ, ಹೆಂಡತಿಯರ ಹೆಸರು ಕೇಳಿದರೆ "ಆ ಮನೆಯಿಂದ ತಂದದ್ದು" ಅಂತ ಒಕ್ಕದ ಹೆಸರು ಮಾತ್ರ ಬರುತ್ತದೆ. ಅಜ್ಜಿಯ ಹತ್ತಿರ ಆ ಹೆಸರುಗಳಿವೆ. ಯಾರು ಹೆರಿಗೆಯಲ್ಲಿ ಹೋದಳು, ಯಾವ ಮಗು ಉಳಿಯಲಿಲ್ಲ, ಯಾರನ್ನು ತಾಮನೆಗೆ (ತವರಿಗೆ) ವಾಪಸ್ ಕಳಿಸಿದರು ಅನ್ನುವುದೂ ಇದೆ. ಒಬ್ಬ ವಿದ್ಯಾರ್ಥಿನಿ ತನ್ನ ಸ್ವಂತ ಅಜ್ಜಿಯ ಹತ್ತಿರ ಕೂತಾಗ ಹಾಳೆಯ ಮೇಲೆ ಹನ್ನೊಂದು ವೃತ್ತ ಹೊಸದಾಗಿ ಸೇರಿದವು. ಅಜ್ಜನ ಹಾಳೆಯಲ್ಲಿ ಅವು ಯಾವುವೂ ಇರಲಿಲ್ಲ. ಅವಳು ಎರಡು ಹಾಳೆಯನ್ನೂ ಹಾಗೇ ಅಂಟಿಸಿ ವರದಿ ಕೊಟ್ಟಳು. ನಾನು ಓದಿದ ಒಳ್ಳೆಯ ಪ್ರಾಜೆಕ್ಟ್‌ಗಳಲ್ಲಿ ಅದು ಒಂದು.

ಕಾಗದಪತ್ರದ ದಾರಿ ಇದರ ಜೊತೆಗೆ ಹೋಗಬೇಕಾದದ್ದು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಜಮ್ಮ ಜಮೀನಿನಲ್ಲಿ ಅದು ಉದ್ದದ ಪಟ್ಟಿಯೇ ಇರಬಹುದು. ನಾಡಕಚೇರಿಯಿಂದ ತಂದ ವಂಶವೃಕ್ಷ ಮನೆಯಲ್ಲಿದ್ದರೆ ಕೇಳಿ ನೋಡಿ, ಅದನ್ನು ಅಜ್ಜ, ಅಜ್ಜಿ ಹೇಳಿದ ವಂಶಾವಳಿಯ ಪಕ್ಕ ಇಡಿ. ಕಚೇರಿಯ ಮರ ಬೆಳೆಯುವುದು ವಾರಸುದಾರಿಕೆಗೆ ಬೇಕಾದಷ್ಟೇ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಗಮನ ಇರಲಿ. ಒಕ್ಕದ ಲೆಕ್ಕದಲ್ಲಿ ಮದುವೆಯಾದ ಮಗಳು ಗಂಡನ ಒಕ್ಕದವಳು. ಕಾನೂನು ಬೇರೆ ದಾರಿ ಹಿಡಿದಿದೆ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು, 2005ರ ಹೊತ್ತಿಗೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಹೇಳಿತು. ಸಂಪ್ರದಾಯ ಒಂದು ಹೇಳುತ್ತದೆ, ಕಾನೂನು ಇನ್ನೊಂದು ಹೇಳುತ್ತದೆ. ಮನೆಯವರು ನಡುವೆ ಏನು ಮಾಡಿಕೊಂಡಿದ್ದಾರೆ ಅನ್ನುವುದು ನಿಮ್ಮ ಪ್ರಶ್ನೆ. ಒಂದು ಎಚ್ಚರಿಕೆ: ಜಮೀನಿನ ಮಾತನ್ನು ಒಂದು ಕವಲಿನಿಂದ ಇನ್ನೊಂದು ಕವಲಿಗೆ ಸಾಗಿಸಬೇಡಿ. ನೀವು ಹೋದ ಮೇಲೂ ಅವರು ಅಲ್ಲೇ ಬದುಕಬೇಕು.

ಜೊತೆಗಿದ್ದು ನೋಡುವುದಕ್ಕೆ ಸಮಯ ಬೇಕು. ಮೂರು ತಿಂಗಳ ಪ್ರಾಜೆಕ್ಟ್‌ನಲ್ಲಿ ಇಡೀ ವರ್ಷದ ಬದುಕು ಸಿಗುವುದಿಲ್ಲ. ಆದರೆ ಒಂದು ದಿನವನ್ನು ಆರಿಸಿಕೊಂಡು ಪೂರ್ತಿ ನೋಡಬಹುದು. ಹುತ್ತರಿಯ ರಾತ್ರಿಯನ್ನೇ ತಗೊಳ್ಳಿ. ಮನೆಯ ನಡುವಿನ ಹಜಾರವಾದ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಎಲ್ಲರೂ ಸೇರುತ್ತಾರೆ, ಎಲೆಗಳ ನೆರೆ ಕಟ್ಟುತ್ತಾರೆ, ಗದ್ದೆಗೆ ಹೋಗಿ ಕದಿರು ಕೊಯ್ಯುತ್ತಾರೆ, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಮನೆ ತುಂಬಿಸುತ್ತಾರೆ. ನೋಡಬೇಕಾದದ್ದು ಸಣ್ಣ ಸಣ್ಣ ಸಂಗತಿ. ಕದಿರು ಯಾರ ಕೈಗೆ ಬಂತು? ದೀಪ ಹಚ್ಚಿದವರು ಯಾರು? ಬೆಂಗಳೂರಿನಿಂದ ಬಂದ ಸೊಸೆ ಎಲ್ಲಿ ನಿಂತಳು? ಮದುವೆಯಾಗಿ ಹೋದ ಮಗಳು ಈ ರಾತ್ರಿ ಎಲ್ಲಿದ್ದಾಳೆ? ತಂಬಿಟ್ಟಿಗೆ ಬಾಳೆಹಣ್ಣು ಕಲಸಿದವರು ಯಾರು, ಕೊನೆಗೆ ಪಾತ್ರೆ ತೊಳೆದವರು ಯಾರು? ಪುಸ್ತಕ ತೆಗೆದು ಅಲ್ಲೇ ಬರೆಯಬೇಡಿ. ನೀವೂ ನೆರೆ ಕಟ್ಟಿ, ಊಟ ಮಾಡಿ, ಮಲಗುವ ಮೊದಲು ಬರೆಯಿರಿ.

ಯಾವ ಕಣ್ಣಿನಿಂದ ನೋಡುವುದು?

ಸಿದ್ಧಾಂತದ ಭಾಗವನ್ನು ಮಕ್ಕಳು ಮೊದಲ ಅಧ್ಯಾಯಕ್ಕೆ ಗೈಡ್‌ನಿಂದ ಇಳಿಸಿ ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಅದು ಎಷ್ಟು ಮುಖ್ಯ ಅನ್ನುವುದಕ್ಕೆ ಕೊಡಗಿನದೇ ಉದಾಹರಣೆ ಇದೆ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಮುಂಬೈಯಲ್ಲಿ ಜಿ. ಎಸ್. ಘುರ್ಯೆ ಅವರ ವಿದ್ಯಾರ್ಥಿಯಾಗಿದ್ದಾಗ, 1940ರ ದಶಕದ ಆರಂಭದಲ್ಲಿ, ಕೊಡವರ ಬಗ್ಗೆ ಮಾಹಿತಿ ಕೂಡಿಸಿ ಪ್ರಬಂಧ ಬರೆದರು. ಆಮೇಲೆ ಆಕ್ಸ್‌ಫರ್ಡಿಗೆ ಹೋದಾಗ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್ ಬ್ರೌನ್ ಅದೇ ಮಾಹಿತಿಯನ್ನು ಹೊಸದಾಗಿ ನೋಡುವಂತೆ ಹೇಳಿದರು. ಈ ಆಚರಣೆ ಸಮಾಜಕ್ಕೆ ಏನು ಕೆಲಸ ಮಾಡುತ್ತಿದೆ, ಯಾರನ್ನು ಯಾರಿಗೆ ಕಟ್ಟುತ್ತಿದೆ ಅಂತ ಕೇಳುತ್ತಾ ಹೋದಾಗ ಒಕ್ಕ, ಊರು, ಹಲವು ಊರು ಸೇರಿದ ನಾಡು ಒಂದರೊಳಗೊಂದು ಹೆಣೆದುಕೊಂಡದ್ದು ಕಂಡಿತು. 1952ರಲ್ಲಿ ಬಂದ ಅವರ ಪುಸ್ತಕ ಹೀಗೆ ಹುಟ್ಟಿದ್ದು. ಮಾಹಿತಿ ಬದಲಾಗಲಿಲ್ಲ, ಕೇಳಿದ ಪ್ರಶ್ನೆ ಬದಲಾಯಿತು.

ಆ ಕಾರ್ಯವಾದಿ ಕಣ್ಣಿನಿಂದ ಹುತ್ತರಿಯ ರಾತ್ರಿ ನೋಡಿದರೆ ಒಕ್ಕವನ್ನು ವರ್ಷಕ್ಕೊಮ್ಮೆ ಮತ್ತೆ ಕಟ್ಟುವ ಕೆಲಸ ಕಾಣುತ್ತದೆ. ಅದು ನಿಜವೇ. ಆಸ್ತಿ ಮತ್ತು ಕುಟುಂಬದ ನಂಟನ್ನು ಎಂಗೆಲ್ಸ್ 1884ರಲ್ಲಿ ಹೇಳಿದ ಹಾಗೆ ಹಿಡಿದು ನೋಡಿದರೆ, ಆ ಗದ್ದೆ ಯಾರದ್ದು, ಅದರಲ್ಲಿ ನಾಟಿ ಮಾಡಿದವರು ಯಾರು, ಅವರು ಈ ರಾತ್ರಿ ಯಾವ ಬಾಗಿಲಲ್ಲಿ ನಿಂತಿದ್ದಾರೆ ಅನ್ನುವ ಪ್ರಶ್ನೆ ಏಳುತ್ತದೆ. ಸ್ತ್ರೀವಾದಿ ಕಣ್ಣಿನಿಂದ ನೋಡಿದರೆ ಪಾತ್ರೆ ತೊಳೆದವರ ಕೈ ಕಾಣುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಮರ್ಡಾಕ್ 1949ರಲ್ಲಿ 250 ಸಮಾಜಗಳ ಮಾಹಿತಿ ಹೋಲಿಸಿ, ಗಂಡ ಹೆಂಡತಿ ಮಕ್ಕಳ ಚಿಕ್ಕ ಕುಟುಂಬ ಎಲ್ಲ ಕಡೆಯೂ ಇದೆ ಅಂದರು. ಮಲಬಾರಿನ ನಾಯರ್ ಮನೆಗಳನ್ನು ನೋಡಿದವರು ಅದನ್ನು ಒಪ್ಪಲಿಲ್ಲ. ಮೇಲೆ ಹೇಳಿದ ಲೈನ್ ಮನೆಯನ್ನೂ ಅದರ ಎದುರು ಇಟ್ಟು ಯೋಚಿಸಿ.

ಮೂರನ್ನೂ ಕಲಸಿ ಒಂದೊಂದು ಪುಟ ಬರೆಯುವುದಕ್ಕಿಂತ ಒಂದನ್ನು ಆರಿಸಿ ಗಟ್ಟಿಯಾಗಿ ಹಿಡಿಯಿರಿ. ಒಕ್ಕ ಆರಿಸಿದವರಿಗೆ ನಾನು ಸ್ತ್ರೀವಾದಿ ಪ್ರಶ್ನೆಗಳನ್ನೇ ಹೇಳುತ್ತೇನೆ. ಕಾರ್ಯವಾದಿ ಕಣ್ಣಿನಿಂದ ಶ್ರೀನಿವಾಸ್ ನೋಡಿಯಾಗಿದೆ, ನೀವು ಮೂರು ತಿಂಗಳಲ್ಲಿ ಅದಕ್ಕಿಂತ ಚೆನ್ನಾಗಿ ನೋಡುವುದು ಕಷ್ಟ.

ಹಾಗಾದರೆ ನಿಮಗೆ ಯಾವುದು?

ಒಂದೇ ಸೆಮಿಸ್ಟರ್ ಇದೆ, ಮನೆ ಮನೆಗೆ ಓಡಾಡಲು ಆಗುತ್ತದೆ ಅಂದರೆ ಒಲೆ ಮತ್ತು ಪ್ರಶ್ನಾವಳಿ. ಜೊತೆಗೆ ನಿಮ್ಮ ಒಕ್ಕ ಅಥವಾ ಮನೆತನದಲ್ಲಿ ಎಷ್ಟು ಜನ ಅಂತ ಒಂದು ಪ್ರಶ್ನೆ ಸೇರಿಸಿ, ಮೂರು ಚೌಕ ಬಿಡಿ. ನೀವೇ ಒಂದು ಐನ್‌ಮನೆಯವರಾಗಿದ್ದರೆ ವಂಶಾವಳಿ. ಬೇರೆಯವರಿಗೆ ತೆರೆಯದ ಬಾಗಿಲು ನಿಮಗೆ ತೆರೆಯುತ್ತದೆ. ಆದರೆ ನಿಮ್ಮ ಎದುರು ಹೇಳಬಾರದ ಮಾತನ್ನೂ ಹಿರಿಯರು ನುಂಗಿಕೊಳ್ಳುತ್ತಾರೆ. ಅಂಥ ಕಡೆ ಹೊರಗಿನ ಗೆಳತಿಯೊಬ್ಬಳನ್ನು ಜೊತೆಗೆ ಕೂರಿಸಿಕೊಳ್ಳಿ. ಎಂ.ಎ. ಮಾಡುವವರು, ವರ್ಷ ಕೈಯಲ್ಲಿರುವವರು ದಯವಿಟ್ಟು ಲೈನ್ ಮನೆಯ ಕಡೆ, ಹಾಡಿಯ ಕಡೆ ಹೋಗಿ. ನಿಮಗೆ ಮಲಯಾಳವೋ ತಮಿಳೋ ಯರವ ಭಾಷೆಯೋ ಬರುವುದಾದರೆ ಅದು ನೂರು ಪ್ರಶ್ನಾವಳಿಗೆ ಸಮ.

ಹೆಸರು ಮರೆಮಾಚುವ ವಿಷಯದಲ್ಲಿ ಕೊಡಗಿಗೆ ಬೇರೆಯೇ ನಿಯಮ ಬೇಕು. ಬೇರೆ ಕಡೆ ವ್ಯಕ್ತಿಯ ಹೆಸರು ಬದಲಿಸಿದರೆ ಸಾಕು. ನಮ್ಮಲ್ಲಿ ಮನೆಹೆಸರು, ಊರು ಎರಡೂ ಬರೆದರೆ ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಎಲ್ಲರಿಗೂ ಅದು ಯಾರು ಅಂತ ಗೊತ್ತಾಗುತ್ತದೆ. ಮನೆಹೆಸರು ಬಿಡಿ, ಊರನ್ನು ನಾಡಿನ ಹೆಸರಿಗೆ ಬದಲಿಸಿ, ಫೋಟೋದಲ್ಲಿ ಮನೆಯ ಮುಂಭಾಗ ಬರದ ಹಾಗೆ ನೋಡಿಕೊಳ್ಳಿ. ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅಜ್ಜ ಅಂತ ಬರೆದರೂ ಗುರುತು ಸಿಕ್ಕಿಬಿಡುತ್ತದೆ.

ಕೊನೆಗೆ ಕಾಲದ ಲೆಕ್ಕ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ದಾರಿ ಕಷ್ಟ, ಆದರೆ ಜನ ಮನೆಯಲ್ಲಿರುತ್ತಾರೆ, ಬೆಂಕಿಯ ಹತ್ತಿರ ಕೂತು ಮಾತಾಡುವ ಮನಸ್ಸಿರುತ್ತದೆ. ವಂಶಾವಳಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. 2018ರ ಆಗಸ್ಟ್ ನೆನಪಿರಲಿ, ಗುಡ್ಡ ಜರಿದ ಕಡೆಯ ಮನೆಗಳಲ್ಲಿ ಮಳೆಯ ದಿನ ಆ ಮಾತನ್ನು ನೀವಾಗಿ ಎತ್ತಬೇಡಿ. ಕಾಫಿ ಕೊಯ್ಲು ಶುರುವಾಗಿ ರೋಬಸ್ಟಾ ಮುಗಿಯುವವರೆಗೆ ಯಾರ ಮನೆಗೂ ಹಗಲು ಹೋಗಬೇಡಿ, ಸಂಜೆ ಆರರ ಮೇಲೆ ಹೋಗಿ. ಹುತ್ತರಿಯ ರಾತ್ರಿ ನೋಡಬೇಕು ಅನ್ನುವವರು ದಿನ ಗೊತ್ತಾದ ಕೂಡಲೇ ಪಟ್ಟೆದಾರರಿಗೆ ಫೋನ್ ಮಾಡಿ ಕೇಳಿ. ಒಪ್ಪಿದರೆ ಮಧ್ಯಾಹ್ನವೇ ಹೋಗಿ ಅಡುಗೆಮನೆಯಲ್ಲಿ ಒಂದು ಕೆಲಸ ಕೇಳಿಕೊಳ್ಳಿ.